ಹಾಡು ನಮ್ಮದು, ಹದ ಯಾರದು?



ಬ್ಯಾಂಡ್ ಎಂದೊಡನೆ ಮದುವೆ ದಿಬ್ಬಣದ ಮುಂದೆ ಕೆಂಪು ಕೋಟು ತೊಟ್ಟು ನುಡಿಸುತ್ತ ಸಾಗುವ ವಾದ್ಯದವರು ಕಣ್ಣ ಮುಂದೆ ಬರುತ್ತಿದ್ದ ಕಾಲವೊಂದಿತ್ತು. ಈಗ ಆ ಪದಕ್ಕೆ ಮತ್ತೊಂದು ಅರ್ಥ ಸೇರಿಕೊಂಡಿದೆ. ಗಿಟಾರ್, ಬೇಸ್ ಗಿಟಾರ್, ಕೀಬೋರ್ಡ್, ಡ್ರಮ್ಸ್ ಹಿಡಿದ ನಾಲ್ಕೈದು ಗೆಳೆಯರು. ವಾರವಿಡೀ ಬ್ಯಾಂಕು, ಕಾಲೇಜು, ಕಚೇರಿಗಳಲ್ಲಿ ದುಡಿಮೆ. ಭಾನುವಾರ ಯಾರದಾದರೊಬ್ಬರ ಮನೆಯ ಮಹಡಿಯಲ್ಲಿ ಅಭ್ಯಾಸ. ನಮ್ಮಲ್ಲಿ ಹವ್ಯಾಸಿ ನಾಟಕ ತಂಡಗಳಿರುವಂತೆ ಇವು ಹವ್ಯಾಸಿ ಬ್ಯಾಂಡುಗಳು. ಸಂಗೀತ ಇವರ ಹೊಟ್ಟೆಪಾಡಲ್ಲ. ಆದರೆ ಸ್ವಂತ ಹಾಡು ಕಟ್ಟುವ ಹಂಬಲಕ್ಕೆ ಕೊರತೆಯೇನೂ ಇಲ್ಲ.

ಇಂಥ ತಂಡವೊಂದು ಎಂಟು ಹತ್ತು ಹಾಡುಗಳನ್ನು ಮನೆಯ ಕಂಪ್ಯೂಟರಿನಲ್ಲೇ ಮುದ್ರಿಸಿಕೊಂಡು, ಇನ್ನು ಆಲ್ಬಂ ಹೊರತರೋಣ ಎಂದು ಹೊರಟ ದಿನ ಒಂದು ಪ್ರಶ್ನೆ ಎದುರಾಗುತ್ತದೆ. ಕೊನೆಯ ಎರಡು ಕೆಲಸಗಳನ್ನು, ಅಂದರೆ ಮಿಕ್ಸಿಂಗ್ ಮತ್ತು ಮಾಸ್ಟರಿಂಗ್‌ಗಳನ್ನು, ತಾವೇ ಮಾಡಿಕೊಳ್ಳಬೇಕೆ? ಅಥವಾ ಹಣ ಕೊಟ್ಟು ವೃತ್ತಿಪರರ ಕೈಗೆ ಒಪ್ಪಿಸಬೇಕೆ? ಸಂಬಳದಲ್ಲಿ ಉಳಿಸಿ ಕೂಡಿಹಾಕಿದ ದುಡ್ಡಿನ ಮಾತು ಒಂದು ಕಡೆ. ಅದಕ್ಕಿಂತ ದೊಡ್ಡ ಅಳುಕು ಇನ್ನೊಂದಿದೆ. ಪರರ ಕೈಗೆ ಹೋಗಿ ಬಂದ ಮೇಲೂ ಆ ಹಾಡು ತಮ್ಮದಾಗಿಯೇ ಉಳಿದಿರುತ್ತದೆಯೇ?

ಈ ಅಳುಕು ಹೊಸದೇನಲ್ಲ. ಧ್ವನಿಮುದ್ರಣದ ಚರಿತ್ರೆಯಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಪ್ರಸಿದ್ಧ ಆಲ್ಬಂಗಳ ಹಿಂದೆಯೂ ಅದೇ ಚರ್ಚೆ, ಅದೇ ಹಗ್ಗಜಗ್ಗಾಟ ನಡೆದಿದೆ.

ಎರಡು ಕೆಲಸ, ಎರಡು ತೂಕ

ಮಿಕ್ಸಿಂಗ್, ಮಾಸ್ಟರಿಂಗ್ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುವುದು ರೂಢಿ. ಆದರೆ ಎರಡೂ ಬೇರೆ ಬೇರೆ ವಿದ್ಯೆಗಳು.

ಇಂದಿನ ಮುದ್ರಣದಲ್ಲಿ ಪ್ರತಿಯೊಂದು ವಾದ್ಯ, ಪ್ರತಿಯೊಂದು ಕಂಠ ಪ್ರತ್ಯೇಕ ಸಾಲಿನಲ್ಲಿ ದಾಖಲಾಗುತ್ತದೆ. ಈ ಸಾಲಿಗೆ ಟ್ರ್ಯಾಕ್ ಎಂದು ಹೆಸರು. ಡ್ರಮ್ಸ್ ಒಂದಕ್ಕೇ ಎಂಟು ಮೈಕುಗಳನ್ನು ಇಟ್ಟರೆ ಎಂಟು ಟ್ರ್ಯಾಕ್‌ಗಳಾದವು. ಹೀಗೆ ಒಂದು ಹಾಡಿಗೆ ಮೂವತ್ತು ನಲವತ್ತು ಟ್ರ್ಯಾಕ್‌ಗಳು ಸಲೀಸಾಗಿ ಸೇರುತ್ತವೆ. ಇವೆಲ್ಲವನ್ನೂ ಎಡ ಮತ್ತು ಬಲ ಎಂಬ ಎರಡೇ ಕಾಲುವೆಗಳಿಗೆ ಹರಿಸಿ, ಒಂದು ಹಾಡಾಗಿ ಕೇಳಿಸುವಂತೆ ಮಾಡುವುದೇ ಮಿಕ್ಸಿಂಗ್.

ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೆಂಡೆಯ ಅಬ್ಬರದಲ್ಲಿ ಭಾಗವತರ ಪದ ಮುಳುಗಿಹೋದರೆ ಪ್ರಸಂಗದ ಎಳೆ ತಪ್ಪುತ್ತದೆ. ಚೆಂಡೆಯನ್ನು ತೀರ ತಗ್ಗಿಸಿದರೆ ವೀರರಸವೇ ಸಪ್ಪೆ. ಯಾವುದು ಮುಂದೆ, ಯಾವುದು ಹಿಂದೆ, ಯಾವುದು ಯಾವ ಗಳಿಗೆಯಲ್ಲಿ ತಲೆ ಎತ್ತಬೇಕು ಎಂಬ ತೀರ್ಮಾನವೇ ಮಿಕ್ಸಿಂಗ್‌ನ ಜೀವಾಳ. ಅದಕ್ಕೆ ಬೇಕಾದ ಸಲಕರಣೆಗಳು ಹಲವು. ಈಕ್ವಲೈಸರ್ ಎಂಬುದು ಧ್ವನಿಯಲ್ಲಿನ ಮಂದ್ರ, ಮಧ್ಯ, ತಾರ ಭಾಗಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುತ್ತದೆ. ಕಂಪ್ರೆಸರ್ ಎಂಬುದು ಅತಿ ಜೋರಾದ ಕಡೆ ಧ್ವನಿಯನ್ನು ಅದುಮುತ್ತದೆ. ಆಗ ಇಡೀ ಧ್ವನಿಯನ್ನು ಒಂದಿಷ್ಟು ಮೇಲೆತ್ತಲು ಅವಕಾಶ ಸಿಕ್ಕಿ, ಮೆಲ್ಲಗಿದ್ದ ಭಾಗವೂ ಕೇಳಿಸುತ್ತದೆ. ಕೃತಕ ಅನುರಣನವನ್ನು ಸೇರಿಸಿದರೆ ಹತ್ತಡಿ ಕೋಣೆಯಲ್ಲಿ ಹಾಡಿದ್ದು ಸಭಾಂಗಣದಲ್ಲಿ ಹಾಡಿದಂತೆ ಕೇಳಿಸುತ್ತದೆ.

ಮಾಸ್ಟರಿಂಗ್ ಇದರ ನಂತರದ ಹಂತ. ಅಲ್ಲಿ ಬಿಡಿ ವಾದ್ಯಗಳಿಲ್ಲ. ಮಿಕ್ಸ್ ಆಗಿ ಬಂದ ಇಡಿ ಹಾಡುಗಳಿವೆ. ಮೊದಲ ಹಾಡಿಗೂ ಎರಡನೆಯದಕ್ಕೂ ನಡುವೆ ಎಷ್ಟು ಮೌನವಿರಬೇಕು, ಮೂರನೆಯ ಹಾಡು ಬಂದಾಗ ಕೇಳುಗ ಎದ್ದು ಹೋಗಿ ವಾಲ್ಯೂಮ್ ತಿರುಗಿಸುವಂತಾಗಬಾರದು, ಸಣ್ಣ ಫೋನಿನಲ್ಲಿಯೂ ದೊಡ್ಡ ಧ್ವನಿವರ್ಧಕದಲ್ಲಿಯೂ ಹಾಡು ಕೆಡದೆ ಕೇಳಿಸಬೇಕು ಎಂಬುದೆಲ್ಲ ಮಾಸ್ಟರಿಂಗ್ ಎಂಜಿನಿಯರ್‌ನ ತಲೆಬಿಸಿ. ಮಿಕ್ಸಿಂಗ್ ವಾದ್ಯಗಳನ್ನು ಒಂದಕ್ಕೊಂದು ತೂಗಿ ನೋಡುತ್ತದೆ. ಮಾಸ್ಟರಿಂಗ್ ಹಾಡುಗಳನ್ನು ಒಂದಕ್ಕೊಂದು ತೂಗಿ, ಆಮೇಲೆ ಹೊರಗಿನ ಲೋಕದೊಂದಿಗೆ ತೂಗುತ್ತದೆ.

ಕಹಳೆಯ ಮುಂದಿನ ದೂರ

ಇವೆರಡೂ ಪ್ರತ್ಯೇಕ ಕಸುಬುಗಳಾದದ್ದು ಹೇಗೆ? ಆರಂಭದಲ್ಲಿ ಮಿಕ್ಸಿಂಗ್ ಎಂದರೆ ಮನುಷ್ಯರನ್ನು ಕೋಣೆಯಲ್ಲಿ ಹಿಂದೆ ಮುಂದೆ ನಿಲ್ಲಿಸುವುದೇ ಆಗಿತ್ತು. ಆಗ ಮೈಕ್ ಇರಲಿಲ್ಲ. ದೊಡ್ಡ ಕಹಳೆಯೊಂದರ ಬಾಯಿಗೆ ಮುಖವೊಡ್ಡಿ ಹಾಡಬೇಕಿತ್ತು. ಜೋರು ದನಿಯ ವಾದ್ಯದವರು ದೂರ, ಮೆಲುದನಿಯವರು ಹತ್ತಿರ. ಪಿಟೀಲಿನ ನಾದ ಸಾಲದೆಂದು ಅದಕ್ಕೇ ಲೋಹದ ಕಹಳೆ ಕೂರಿಸಿದ ಸ್ಟ್ರೋ ಪಿಟೀಲುಗಳು ಬಳಕೆಗೆ ಬಂದವು.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರನ್ನು ಮುದ್ರಿಸಿಕೊಂಡದ್ದು ಇದೇ ಬಗೆಯ ಕಹಳೆಯ ಮುಂದೆ. ಹಾಡಿನ ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ತಟ್ಟೆಗಳು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡು ಎಂದು ತಿಳಿದು ಸರಿಯಾದ ಚೀಟಿ ಅಂಟಿಸಲು ಅಲ್ಲಿನವರಿಗೆ ಆ ಮಾತು ನೆರವಾಗುತ್ತಿತ್ತು. ತನ್ನ ಹಾಡು ದೂರದ ಅಪರಿಚಿತರ ಕೈ ಸೇರುವಾಗ ಹೆಸರು ಕಳೆದುಹೋಗಬಾರದೆಂಬ ಎಚ್ಚರ ಅಂದಿನಿಂದಲೇ ಇದೆ. ಮುಂದೆ ಮೈಸೂರು ಅರಮನೆಯ ಆಸ್ಥಾನ ಗಾಯಕಿಯಾಗಿದ್ದ ಗೌಹರ್ ಜಾನ್ 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

1925ರಲ್ಲಿ ಮೈಕ್ ಬಂತು. 1935ರಲ್ಲಿ ಜರ್ಮನಿಯಲ್ಲಿ ಕಾಂತೀಯ ಟೇಪಿನ ಯಂತ್ರ ಪ್ರದರ್ಶನಗೊಂಡಿತು. ಎರಡನೆಯ ಮಹಾಯುದ್ಧದ ನಂತರ ಅಮೆರಿಕಕ್ಕೂ ದಾಟಿತು. ಟೇಪಿನ ಮೇಲೆ ಒಂದರ ಪಕ್ಕದಲ್ಲೊಂದು ಹಲವು ಸಾಲುಗಳನ್ನು ಮುದ್ರಿಸಬಹುದೆಂದಾದಾಗ ಎಲ್ಲವೂ ಬದಲಾಯಿತು. 1957ರಲ್ಲಿ ಗಿಟಾರ್ ವಾದಕ ಲೆಸ್ ಪಾಲ್‌ಗೆ ಆಂಪೆಕ್ಸ್ ಕಂಪನಿ ಎಂಟು ಟ್ರ್ಯಾಕ್‌ಗಳ ಯಂತ್ರವನ್ನು ಮಾಡಿಕೊಟ್ಟಿತು. ಬೀಟಲ್ಸ್ ತಂಡದ 1967ರ 'ಸಾರ್ಜೆಂಟ್ ಪೆಪ್ಪರ್' ನಾಲ್ಕು ಟ್ರ್ಯಾಕ್‌ಗಳ ಯಂತ್ರಗಳಲ್ಲಿ ತಯಾರಾಯಿತು. 1970ರ ದಶಕದಲ್ಲಿ 24 ಟ್ರ್ಯಾಕ್‌ಗಳು ಸಾಮಾನ್ಯವಾದವು. ಹಾಡಿದ ಹೊತ್ತಿಗೂ ಹದ ಮಾಡುವ ಹೊತ್ತಿಗೂ ನಡುವೆ ಅಂತರ ಬಿತ್ತು. ಆ ಅಂತರದಲ್ಲೇ ಮಿಕ್ಸಿಂಗ್ ಎಂಜಿನಿಯರ್ ಹುಟ್ಟಿಕೊಂಡ.

ಮಾಸ್ಟರಿಂಗ್‌ನ ಮೂಲ ಬೇರೆ ಕಡೆ ಇದೆ. ಟೇಪಿನಲ್ಲಿರುವುದನ್ನು ಗ್ರಾಮಫೋನ್ ತಟ್ಟೆಯ ಗೀರಾಗಿ ಕೊರೆಯಬೇಕು. ಹಾಗೆ ಕೊರೆದ ಮೂಲ ತಟ್ಟೆಯೇ ಮಾಸ್ಟರ್. ಮಂದ್ರಧ್ವನಿ ಹೆಚ್ಚಾದರೆ ಗೀರು ಅಗಲವಾಗಿ ತಟ್ಟೆಯಲ್ಲಿ ಜಾಗ ಸಾಲದು. ಕೆಲವೊಮ್ಮೆ ಮುಳ್ಳು ಗೀರಿನಿಂದ ಹಾರಿಯೇ ಬಿಡುತ್ತದೆ. 'ಸ', 'ಶ' ಅಕ್ಷರಗಳು ಚುಚ್ಚುವಂತಿದ್ದರೆ ಕರಕರ ಎನ್ನುತ್ತವೆ. ಇವನ್ನೆಲ್ಲ ಮೊದಲೇ ಊಹಿಸಿ ತಿದ್ದುವ ಕುಶಲಕರ್ಮಿಗಳು ರೆಕಾರ್ಡ್ ಕಂಪನಿಗಳಲ್ಲಿದ್ದರು. 1960ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಇದೊಂದೇ ಕೆಲಸಕ್ಕೆ ಸ್ವತಂತ್ರ ಕೇಂದ್ರಗಳು ತೆರೆದವು. 1967ರಲ್ಲಿ ಲಾಸ್ ಏಂಜಲೀಸಿನಲ್ಲಿ ಡಗ್ ಸ್ಯಾಕ್ಸ್ ಮತ್ತವರ ಜೊತೆಗಾರರು ಆರಂಭಿಸಿದ 'ಮಾಸ್ಟರಿಂಗ್ ಲ್ಯಾಬ್' ಅಂಥದ್ದು. 1982ರಲ್ಲಿ ಸಿ.ಡಿ. ಬಂದ ಮೇಲೆ ಮುಳ್ಳಿನ ಕಾಟ ತಪ್ಪಿತು. ಆದರೆ ಕೊನೆಯದಾಗಿ ಒಬ್ಬ ಹೊರಗಿನವನು ಕೇಳಿ ಒಪ್ಪಿಗೆ ಕೊಡುವ ಪದ್ಧತಿ ಉಳಿಯಿತು.

ಕೋಣೆ ಹೇಳುವ ಸುಳ್ಳು

ಮೊದಲು ಸ್ಟುಡಿಯೋ ಎಂಬುದು ಶ್ರೀಮಂತರ ಸೊತ್ತು. ಕನ್ನಡ ಚಿತ್ರಗೀತೆಗಳ ಧ್ವನಿಮುದ್ರಣಕ್ಕೂ ದೀರ್ಘಕಾಲ ಮದ್ರಾಸಿಗೆ ಹೋಗಬೇಕಿತ್ತು. 1980ರ ದಶಕದಲ್ಲಿ ಶಂಕರ್‌ನಾಗ್ ಬೆಂಗಳೂರಿನಲ್ಲಿ 'ಸಂಕೇತ್' ಧ್ವನಿಮುದ್ರಣ ಕೇಂದ್ರವನ್ನು ಕಟ್ಟಿದ್ದು ಆ ಹಿನ್ನೆಲೆಯಲ್ಲಿ ಸಣ್ಣ ಸಂಗತಿಯಲ್ಲ. ಇಂದು ಒಂದು ಕಂಪ್ಯೂಟರ್, ಒಂದೆರಡು ಮೈಕುಗಳಿದ್ದರೆ ಮನೆಯೇ ಸ್ಟುಡಿಯೋ. ಹಿಂದೆ ಕೋಣೆ ತುಂಬುತ್ತಿದ್ದ ಸಲಕರಣೆಗಳೆಲ್ಲ ತಂತ್ರಾಂಶದ ರೂಪದಲ್ಲಿ ಹವ್ಯಾಸಿಯ ಕೈಗೆ ಬಂದಿವೆ. ಹಾಗಿದ್ದ ಮೇಲೆ ವೃತ್ತಿಪರರಿಗೆ ದುಡ್ಡು ತೆರುವುದೇಕೆ?

ಒಂದನೆಯ ಕಾರಣ, ಕೋಣೆ. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಧ್ವನಿಯ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಹತ್ತು ಹನ್ನೆರಡು ಅಡಿಯ ಮಲಗುವ ಕೋಣೆಯಲ್ಲಿ ಇಂಥ ತಗ್ಗಿನ ಧ್ವನಿಗಳು ಗೋಡೆಯಿಂದ ಗೋಡೆಗೆ ಬಡಿದು, ಒಂದು ಮೂಲೆಯಲ್ಲಿ ಗುಡ್ಡೆಯಾಗಿ ಮತ್ತೊಂದು ಕಡೆ ಅಳಿಸಿಹೋಗುತ್ತವೆ. ಕೇಳುವವನ ಕುರ್ಚಿ ಅಳಿಸಿಹೋದ ಜಾಗದಲ್ಲಿದ್ದರೆ ಅವನು ಬೇಸ್ ಸಾಲದೆಂದು ಏರಿಸುತ್ತಾನೆ. ಮಾರನೆಯ ದಿನ ಅದೇ ಹಾಡು ಕಾರಿನಲ್ಲಿ ಗುಂಯ್‌ಗುಡುತ್ತದೆ. ತಪ್ಪು ಅವನ ಕಿವಿಯದಲ್ಲ, ಸುಳ್ಳು ಹೇಳಿದ್ದು ಕೋಣೆ. ವೃತ್ತಿಪರರ ಕೋಣೆಯ ಗೋಡೆ, ಛಾವಣಿಗಳನ್ನು ಈ ಸುಳ್ಳನ್ನು ಕಡಿಮೆ ಮಾಡಲೆಂದೇ ಸಜ್ಜುಗೊಳಿಸಿರುತ್ತಾರೆ.

ಎರಡನೆಯ ಕಾರಣ, ಕಿವಿಯ ಸ್ವಭಾವ. ಧ್ವನಿ ಮೆಲ್ಲಗಿದ್ದಾಗ ನಮ್ಮ ಕಿವಿಗೆ ಮಂದ್ರ ಅಷ್ಟಾಗಿ ಕೇಳಿಸದು. ಜೋರಾದಂತೆ ಅದು ತುಂಬಿ ಬರುತ್ತದೆ. ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಆದ್ದರಿಂದ ಎರಡು ಮಿಕ್ಸ್‌ಗಳಲ್ಲಿ ಸ್ವಲ್ಪ ಜೋರಾಗಿರುವುದೇ ಉತ್ತಮವೆಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ. ನುರಿತವರು ಎರಡನ್ನೂ ಒಂದೇ ಮಟ್ಟಕ್ಕೆ ತಂದೇ ಹೋಲಿಸುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಹಾಡು ಬರೆದವರಿಗೆ ಸಾಹಿತ್ಯ ಬಾಯಿಪಾಠ. ಕಂಠ ವಾದ್ಯಗಳಲ್ಲಿ ಹೂತುಹೋಗಿದ್ದರೂ ಅವರಿಗೆ ಪ್ರತಿ ಪದವೂ ಕೇಳಿಸುತ್ತದೆ. ಗಿಟಾರ್ ವಾದಕನಿಗೆ ತನ್ನ ಗಿಟಾರ್ ಸಾಲದು, ಡ್ರಮ್ಸ್ ನುಡಿಸಿದವನಿಗೆ ತನ್ನ ಡ್ರಮ್ಸ್ ಸಾಲದು. ಪ್ರತಿಯೊಬ್ಬರೂ ತಮ್ಮದನ್ನು ಒಂದು ಕೂದಲೆಳೆ ಏರಿಸಿದರೆ ಕೊನೆಗೆ ಯಾವುದೂ ಕೇಳಿಸುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ದುಡ್ಡು ಕೊಟ್ಟು ಪಡೆಯುವುದು ಯಂತ್ರವನ್ನಲ್ಲ, ಆ ಹಾಡನ್ನು ಮೊದಲ ಸಲ ಕೇಳುತ್ತಿರುವ ಒಂದು ಜೊತೆ ಕಿವಿಯನ್ನು.

ನೆಲಮಾಳಿಗೆಯ ಎಂಜಿನಿಯರ್

ಈ ಹೊರಗಿನ ಕಿವಿಯೊಂದಿಗೆ ಹವ್ಯಾಸಿ ಹೇಗೆ ವ್ಯವಹರಿಸಬೇಕು ಎಂಬುದಕ್ಕೆ ಟಾಮ್ ಶೋಲ್ಜ್ ಅವರ ಕಥೆ ಒಳ್ಳೆಯ ನಿದರ್ಶನ. ಅಮೆರಿಕದ ಹೆಸರಾಂತ ಎಂ.ಐ.ಟಿ.ಯಲ್ಲಿ ಎಂಜಿನಿಯರಿಂಗ್ ಓದಿದ ಶೋಲ್ಜ್ ಪೋಲರಾಯ್ಡ್ ಕ್ಯಾಮೆರಾ ಕಂಪನಿಯ ನೌಕರ. ಹಗಲು ನೌಕರಿ, ರಾತ್ರಿ ಮ್ಯಾಸಚೂಸೆಟ್ಸ್‌ನ ವಾಟರ್‌ಟೌನ್‌ನಲ್ಲಿದ್ದ ಮನೆಯ ನೆಲಮಾಳಿಗೆಯಲ್ಲಿ ಧ್ವನಿಮುದ್ರಣ. ಸಂಬಳ ಸುರಿದು ಕೊಂಡ ಟೇಪ್ ಯಂತ್ರದಲ್ಲಿ ಹೆಚ್ಚಿನ ವಾದ್ಯಗಳನ್ನು ತಾನೇ ನುಡಿಸಿ ಮುದ್ರಿಸುತ್ತಿದ್ದ. ಗೆಳೆಯ ಬ್ರಾಡ್ ಡೆಲ್ಪ್ ಹಾಡುತ್ತಿದ್ದ. ಕೊನೆಗೆ ಎಪಿಕ್ ಕಂಪನಿ ಇವರ ಮಾದರಿ ಟೇಪನ್ನು ಮೆಚ್ಚಿತು. ಆದರೆ ಎಲ್ಲವನ್ನೂ ವೃತ್ತಿಪರ ಸ್ಟುಡಿಯೋದಲ್ಲಿ ಹೊಸದಾಗಿ ಮುದ್ರಿಸಬೇಕು ಎಂಬ ಷರತ್ತು ಹಾಕಿತು.

ಶೋಲ್ಜ್‌ಗೆ ಅದು ಸುತರಾಂ ಒಪ್ಪಿಗೆಯಿರಲಿಲ್ಲ. ನಿರ್ಮಾಪಕ ಜಾನ್ ಬಾಯ್ಲನ್ ಜಾಣ ಉಪಾಯ ಹೂಡಿದರು. ತಂಡದ ಉಳಿದವರನ್ನು ಲಾಸ್ ಏಂಜಲೀಸಿನ ಸ್ಟುಡಿಯೋಗೆ ಕರೆಸಿಕೊಂಡು ಕಂಪನಿಯ ಕಣ್ಣನ್ನು ಅತ್ತ ಸೆಳೆದರು. ಇತ್ತ ಶೋಲ್ಜ್ ನೆಲಮಾಳಿಗೆಯಲ್ಲೇ ಕೆಲಸ ಮುಂದುವರಿಸಿದ. ಆಮೇಲೆ ಧ್ವನಿಮುದ್ರಣದ ಸಂಚಾರಿ ವಾಹನವೊಂದು ಮನೆಯ ಮುಂದೆ ಬಂದು ನಿಂತಿತು. ನೆಲಮಾಳಿಗೆಯ ಕಿಟಕಿಯಿಂದ ಕೇಬಲ್ ಎಳೆದು ಅಲ್ಲಿದ್ದುದನ್ನೆಲ್ಲ 24 ಟ್ರ್ಯಾಕ್‌ಗಳ ಟೇಪಿಗೆ ಇಳಿಸಿಕೊಂಡರು.

ಮಿಕ್ಸಿಂಗ್ ನಡೆದದ್ದು ಲಾಸ್ ಏಂಜಲೀಸಿನಲ್ಲಿ, ವೃತ್ತಿಪರರೊಂದಿಗೆ. ಗುಂಡಿಗಳ ಚಲನೆಯನ್ನು ಕಂಪ್ಯೂಟರ್ ನೆನಪಿಟ್ಟುಕೊಳ್ಳುವ ಕಾಲ ಅದಲ್ಲ. ಹಾಡು ಓಡುತ್ತಿರುವಾಗಲೇ ಕೈಯಿಂದ ಏರಿಸಿ ಇಳಿಸಬೇಕಿತ್ತು. ಗಿಟಾರುಗಳ ಗುಂಡಿಗಳು ಶೋಲ್ಜ್ ಕೈಯಲ್ಲಿ, ಡ್ರಮ್ಸ್ ಬಾಯ್ಲನ್ ಕೈಯಲ್ಲಿ, ಕಂಠ ಎಂಜಿನಿಯರ್ ವಾರನ್ ಡ್ಯೂಯಿ ಕೈಯಲ್ಲಿ. 1976ರ ಆಗಸ್ಟಿನಲ್ಲಿ ಹೊರಬಂದ ಆ 'ಬೋಸ್ಟನ್' ಆಲ್ಬಂ ಅಮೆರಿಕವೊಂದರಲ್ಲೇ 1 ಕೋಟಿ 70 ಲಕ್ಷ ಪ್ರತಿಗಳ ಲೆಕ್ಕ ಮುಟ್ಟಿತು.

ಮಾರಾಟದ ಲೆಕ್ಕ ಎಲ್ಲರಿಗೂ ದಕ್ಕುವಂಥದ್ದಲ್ಲ, ಬಿಡಿ. ಗಮನಿಸಬೇಕಾದದ್ದು ಬೇರೆ. ಯಾವುದನ್ನು ಬಿಟ್ಟುಕೊಡಬಾರದು, ಯಾವುದಕ್ಕೆ ನೆರವು ಬೇಕು ಎಂಬುದು ಶೋಲ್ಜ್‌ಗೆ ಗೊತ್ತಿತ್ತು. ನೆಲಮಾಳಿಗೆಯ ಗಿಟಾರಿನ ನಾದ ಬಿಟ್ಟುಕೊಡಬಾರದ ಸಂಗತಿ. ಮಿಕ್ಸಿಂಗ್ ಮೇಜಿನ ಮುಂದೆ ಇನ್ನಿಬ್ಬರ ಕೈ ಬೇಕಾದ ಸಂಗತಿ.

ಒಂದು ತಂಡ, ಮೂರು ಆಲ್ಬಂ

ಹೊರಗಿನ ಕೈ ಹಾಡನ್ನು ಎಷ್ಟು ಬದಲಿಸಬಲ್ಲದು ಎಂಬುದನ್ನು ನಿರ್ವಾಣ ತಂಡದ ಮೂರು ಆಲ್ಬಂಗಳು ತೋರಿಸಿಕೊಡುತ್ತವೆ. ಇಂಗ್ಲಿಷ್ ರಾಕ್ ಸಂಗೀತದ ಪರಿಚಯವಿಲ್ಲದವರಿಗೂ ಈ ಕಥೆ ಅರ್ಥವಾಗುವಂಥದ್ದೇ.

ಮೊದಲನೆಯದು 1989ರ 'ಬ್ಲೀಚ್'. ಆಗ ಕರ್ಟ್ ಕೊಬೇನ್ ಮತ್ತು ಸಂಗಡಿಗರನ್ನು ಕೇಳುವವರಿರಲಿಲ್ಲ. ಸಿಯಾಟಲ್‌ನ ಸಣ್ಣ ಸ್ಟುಡಿಯೋವೊಂದರಲ್ಲಿ ಜಾಕ್ ಎಂಡಿನೋ ಎಂಬ ಎಂಜಿನಿಯರ್ ಕೈಯಲ್ಲಿ 30 ಗಂಟೆಗಳ ಕೆಲಸ. ಬಿಲ್ಲು 606 ಡಾಲರ್ 17 ಸೆಂಟ್. ಅಂದರೆ ಗಂಟೆಗೆ ಸುಮಾರು 20 ಡಾಲರ್. ಅಷ್ಟು ಹಣವೂ ತಂಡದ ಬಳಿ ಇರಲಿಲ್ಲ. ಜೇಸನ್ ಎವರ್‌ಮನ್ ಎಂಬ ಗಿಟಾರ್ ವಾದಕ ತೆತ್ತ. ಆಲ್ಬಂನಲ್ಲಿ ಆತ ನುಡಿಸದೇ ಇದ್ದರೂ ವಾದಕರ ಪಟ್ಟಿಯಲ್ಲಿ ಅವನ ಹೆಸರು ಬಂತು. ಹೊದಿಕೆಯ ಚಿತ್ರದಲ್ಲೂ ಅವನಿದ್ದಾನೆ.

ಎರಡನೆಯದು 1991ರ 'ನೆವರ್‌ಮೈಂಡ್'. ದೊಡ್ಡ ಕಂಪನಿಯ ಆಶ್ರಯ ಸಿಕ್ಕಿತ್ತು. ಮುದ್ರಿಸಿದ ಬುಚ್ ವಿಗ್ ಮಾಡಿದ್ದ ಮಿಕ್ಸ್ ತೃಪ್ತಿ ಕೊಡದೆ ಆಂಡಿ ವ್ಯಾಲೇಸ್ ಎಂಬ ಪರಿಣತನನ್ನು ಕರೆಸಿದರು. ಮಾಸ್ಟರಿಂಗ್ ಹೋವಿ ವೈನ್‌ಬರ್ಗ್ ಅವರದು. ಅದೇ ತಂಡದ ಒರಟು ಧ್ವನಿ ಈಗ ಅಗಲವಾಗಿ, ಹೊಳಪಿನಿಂದ, ಪ್ರತಿ ಪೆಟ್ಟೂ ಎದೆಗೆ ಬಡಿಯುವಂತೆ ಹೊಮ್ಮಿತು. ಆಲ್ಬಂ ಜಗತ್ತಿನಾದ್ಯಂತ ಕೋಟಿಗಟ್ಟಲೆ ಮಾರಾಟವಾಯಿತು. ಅದೇ ಮಿಕ್ಸ್‌ಗೆ ಒಪ್ಪಿದ್ದ ಕೊಬೇನ್ ಅಷ್ಟೊಂದು ನಯ ತನಗೆ ಹಿಡಿಸಲಿಲ್ಲವೆಂದು ಆಮೇಲೆ ಹೇಳಿಕೊಂಡ.

ಮೂರನೆಯದು 1993ರ 'ಇನ್ ಯುಟೆರೋ'. ಈ ಸಲ ತಂಡ ಬೇಕೆಂದೇ ಸ್ಟೀವ್ ಆಲ್ಬಿನಿ ಅವರನ್ನು ಹುಡುಕಿಕೊಂಡು ಹೋಯಿತು. ಆಲ್ಬಿನಿ ತಂಡಕ್ಕೆ ಮೊದಲೇ ನಾಲ್ಕು ಪುಟಗಳ ಕಾಗದ ಬರೆದು ತಮ್ಮ ಷರತ್ತುಗಳನ್ನು ತಿಳಿಸಿದ್ದರು. ಕೊಳಾಯಿ ರಿಪೇರಿಯವನಿಗೆ ಕೊಡುವಂತೆ ಮಾಡಿದ ಕೆಲಸಕ್ಕೆ ಕೂಲಿ ಕೊಟ್ಟರೆ ಸಾಕು, ಮಾರಾಟದಲ್ಲಿ ಪಾಲು ಬೇಡ ಎಂಬುದು ಅವರ ನಿಲುವಾಗಿತ್ತು. ಪ್ರತಿ ಮಾರಾಟದ ಮೇಲೂ ಪಾಲು ಪಡೆದಿದ್ದರೆ ಎಷ್ಟು ಲಕ್ಷ ಡಾಲರ್ ಬರುತ್ತಿತ್ತೋ! ಅವರು ಒಂದು ಲಕ್ಷ ಡಾಲರ್‌ಗಳ ಒಂದೇ ಗಂಟಿಗೆ ಒಪ್ಪಿದರು. ಹಾಡು ತಂಡದ್ದು, ಅದರಲ್ಲಿ ಬಡ್ಡಿ ತಿನ್ನುವ ಹಕ್ಕು ಎಂಜಿನಿಯರ್‌ಗಿಲ್ಲ ಎಂಬುದು ಅವರ ಧರ್ಮವಾಗಿತ್ತು. 2024ರಲ್ಲಿ ಸಾಯುವವರೆಗೂ ಅವರು ಅದನ್ನು ಬಿಡಲಿಲ್ಲ. ಹೆಸರಿಲ್ಲದ ನೂರಾರು ಸಣ್ಣ ತಂಡಗಳಿಗೂ ಕಡಿಮೆ ದರದಲ್ಲಿ ಕೆಲಸ ಮಾಡಿಕೊಟ್ಟರು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆಲ್ಬಿನಿ ಮಿಕ್ಸ್‌ನಲ್ಲಿ ಕಂಠ ಸಾಲದು, ಬೇಸ್ ಸ್ಪಷ್ಟವಿಲ್ಲ ಎಂಬ ಅಸಮಾಧಾನ ಕಂಪನಿಗೂ ಇತ್ತು, ತಂಡಕ್ಕೂ ಬಂತು. ಕೊನೆಗೆ ಬಾಬ್ ಲಡ್ವಿಗ್ ಮಾಸ್ಟರಿಂಗ್‌ನಲ್ಲಿ ಒಂದಷ್ಟು ಸರಿಪಡಿಸಿದರು; ಎರಡು ಹಾಡುಗಳನ್ನು ಸ್ಕಾಟ್ ಲಿಟ್ ಹೊಸದಾಗಿ ಮಿಕ್ಸ್ ಮಾಡಿದರು. ನಯವಾದಾಗ ಒರಟು ಬೇಕೆನಿಸಿತು, ಒರಟಾದಾಗ ಸ್ವಲ್ಪ ನಯ ಬೇಕೆನಿಸಿತು. ಎಂಜಿನಿಯರ್‌ನನ್ನು ಆರಿಸಿದರೆ ಅವನ ಅಭಿರುಚಿಯನ್ನೂ ಆರಿಸಿದಂತೆಯೇ ಎಂಬ ಪಾಠವನ್ನು ಆ ತಂಡ ಎರಡು ದಿಕ್ಕಿನಿಂದಲೂ ಕಲಿಯಿತು.

ಜೇಬಿನಲ್ಲಿದ್ದ ಕ್ಯಾಸೆಟ್

ತಿದ್ದಿದರೆ ಕೆಡುವ ಹಾಡುಗಳೂ ಉಂಟು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಹವ್ಯಾಸಿಯಲ್ಲ, ಅಷ್ಟು ಹೊತ್ತಿಗೆ ದೊಡ್ಡ ಹೆಸರು. ಆದರೆ 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಬಾಡಿಗೆ ಮನೆಯಲ್ಲಿ ಕುಳಿತು ಅವರು ಮುದ್ರಿಸಿದ ರೀತಿ ಅಪ್ಪಟ ಹವ್ಯಾಸಿಯದು. 1979ರಲ್ಲಿ ಟಾಸ್ಕಾಂ ಕಂಪನಿ ಹೊರತಂದಿದ್ದ 'ಪೋರ್ಟಾಸ್ಟುಡಿಯೋ' ಎಂಬ ಯಂತ್ರ ಮಾಮೂಲಿ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕ್ ಮುದ್ರಿಸುತ್ತಿತ್ತು. ಅದರಲ್ಲಿ ಗಿಟಾರ್, ಕಂಠ, ಮೌತ್ ಆರ್ಗನ್‌ಗಳನ್ನು ಮುದ್ರಿಸಿ ಹಳೆಯ ಟೇಪ್‌ರೆಕಾರ್ಡರ್ ಒಂದಕ್ಕೆ ಮಿಕ್ಸ್ ಮಾಡಿಕೊಂಡರು. ಇದು ಬರೀ ಮಾದರಿ, ತಂಡದೊಂದಿಗೆ ಸ್ಟುಡಿಯೋದಲ್ಲಿ ಸರಿಯಾಗಿ ಮುದ್ರಿಸುವುದು ಎಂಬುದು ಯೋಜನೆ. ಆ ಕ್ಯಾಸೆಟ್ಟನ್ನು ಡಬ್ಬಿಯೂ ಇಲ್ಲದೆ ಜೇಬಿನಲ್ಲಿ ಹಾಕಿಕೊಂಡು ತಿರುಗಿದರು.

ಸ್ಟುಡಿಯೋದಲ್ಲಿ ನುರಿತ ವಾದಕರು, ಒಳ್ಳೆಯ ಯಂತ್ರಗಳು ಎಲ್ಲ ಇದ್ದವು. ಆದರೆ ಆ ಹಾಡುಗಳ ಒಂಟಿತನ ಮಾಯವಾಗಿತ್ತು. ಕೊನೆಗೆ ಜೇಬಿನ ಕ್ಯಾಸೆಟ್ಟೇ ಆಲ್ಬಂ ಆಗಲಿ ಎಂದು ತೀರ್ಮಾನವಾಯಿತು. ಆಗ ಶುರುವಾಯಿತು ಮಾಸ್ಟರಿಂಗ್‌ನವರ ಸಂಕಟ. ಕ್ಯಾಸೆಟ್ಟಿನ ಧ್ವನಿ ತಟ್ಟೆಯ ಗೀರಿಗೆ ಇಳಿಯಲೊಲ್ಲದು. ಹಲವು ಕಡೆ ಪ್ರಯತ್ನ ವಿಫಲವಾದ ಮೇಲೆ, ಧ್ವನಿಯ ಮಟ್ಟವನ್ನು ತಗ್ಗಿಸಿ ಕೊರೆದಾಗ ಕೆಲಸ ಕೈಗೂಡಿತು. 1982ರ ಸೆಪ್ಟೆಂಬರಿನಲ್ಲಿ 'ನೆಬ್ರಾಸ್ಕಾ' ಹೊರಬಂತು. ತಂಡದೊಂದಿಗೆ ಮಾಡಿದ ಆ ಮುದ್ರಣಗಳನ್ನು ಜನ ಕೇಳಿದ್ದು 2025ರಲ್ಲಿ.

ಹಾಡನ್ನು ಮುಟ್ಟದೆ, ಇದ್ದದ್ದನ್ನು ಇದ್ದಂತೆಯೇ ದಾಟಿಸಿದ್ದೂ ವೃತ್ತಿಪರರ ಕೈಚಳಕವೇ. ಬಹುಶಃ ಅದೇ ಹೆಚ್ಚು ಕಷ್ಟದ್ದು.

ಗಟ್ಟಿ ದನಿಯ ಪೈಪೋಟಿ

ಹವ್ಯಾಸಿಗಳು ಮಾಸ್ಟರಿಂಗ್‌ನವರಲ್ಲಿ ಸಾಮಾನ್ಯವಾಗಿ ಇಡುವ ಬೇಡಿಕೆ ಒಂದೇ: ನಮ್ಮ ಹಾಡು ದೊಡ್ಡವರ ಹಾಡಿನಷ್ಟೇ ಜೋರಾಗಿ ಕೇಳಿಸಬೇಕು. ಸಿ.ಡಿ. ಕಾಲದಲ್ಲಿ ಈ ಪೈಪೋಟಿ ಮಿತಿಮೀರಿತು. ಮೆಲುದನಿ, ಜೋರುದನಿಗಳ ನಡುವಿನ ಅಂತರವನ್ನೇ ಅದುಮಿ ಎಲ್ಲವನ್ನೂ ಮೇಲ್ಮಟ್ಟಕ್ಕೆ ತಂದು ನಿಲ್ಲಿಸುವ ಚಾಳಿ ಬೆಳೆಯಿತು. 2008ರಲ್ಲಿ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಹೊರಬಂದಾಗ ಅಭಿಮಾನಿಗಳೇ ಸಿಟ್ಟಿಗೆದ್ದರು. ಅದೇ ಹಾಡುಗಳು ಗಿಟಾರಿನ ವಿಡಿಯೋ ಆಟವೊಂದರಲ್ಲಿ ಇದಕ್ಕಿಂತ ಸ್ವಚ್ಛವಾಗಿ ಕೇಳಿಸುತ್ತಿದ್ದವು! ಹೊಸದಾಗಿ ಮಿಕ್ಸ್ ಮಾಡಿ ಎಂದು ಸಹಿ ಸಂಗ್ರಹವೂ ನಡೆಯಿತು. ತಮ್ಮ ಕೈಗೆ ಬರುವಾಗಲೇ ಹಾಡುಗಳು ಅದುಮಿದ ಸ್ಥಿತಿಯಲ್ಲಿದ್ದವು ಎಂದು ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್ ತಿಳಿಸಿದರು. ಮಿಕ್ಸ್‌ನಲ್ಲಿ ಕೆಟ್ಟದ್ದು ಮಾಸ್ಟರಿಂಗ್‌ನಲ್ಲಿ ಮರಳಿ ಬಾರದು.

ಈಗ ಆ ಪೈಪೋಟಿಗೆ ಅರ್ಥವೂ ಉಳಿದಿಲ್ಲ. ಸ್ಪಾಟಿಫೈ, ಯೂಟ್ಯೂಬ್‌ನಂಥ ಸೇವೆಗಳು ಜೋರಾದ ಹಾಡನ್ನು ತಾವೇ ತಗ್ಗಿಸಿ, ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಕೇಳಿಸುತ್ತವೆ. ಜೋರಿಗಾಗಿ ಜೀವ ಹಿಂಡಿಸಿಕೊಂಡ ಹಾಡಿಗೆ ಅಲ್ಲಿ ಜೋರೂ ದಕ್ಕದು, ಜೀವವೂ ಉಳಿಯದು.

ಕೊಡುವ ಮುನ್ನ

ಹಾಗಾದರೆ ಹವ್ಯಾಸಿ ತಂಡ ಏನು ಮಾಡಬೇಕು? ಮದುವೆಗೆ ಅಡುಗೆಭಟ್ಟರನ್ನು ಗೊತ್ತು ಮಾಡುವ ಮನೆಯ ಹಿರಿಯರು ಏನು ಮಾಡುತ್ತಾರೋ ಅದನ್ನೇ. ಮೊದಲು ಬೇರೆಯವರ ಮನೆಯಲ್ಲಿ ಅವರ ಕೈರುಚಿ ನೋಡುತ್ತಾರೆ. ಆಮೇಲೆ ತಮ್ಮ ಮನೆಯ ಸಾರಿಗೆ ಹುಳಿ ಎಷ್ಟು, ಖಾರ ಎಷ್ಟು ಎಂದು ಬಾಯಿಬಿಟ್ಟು ಹೇಳುತ್ತಾರೆ. ಏನೂ ಹೇಳದೆ ಎಲ್ಲ ನಿಮಗೇ ಬಿಟ್ಟದ್ದು ಎಂದು ಕೈಮುಗಿದು, ಊಟದ ದಿನ ಮುಖ ಸಿಂಡರಿಸಿದರೆ ಪ್ರಯೋಜನವಿಲ್ಲ.

ಎಂಜಿನಿಯರ್ ಹಿಂದೆ ಮಾಡಿದ ಕೆಲಸ ತಮ್ಮ ಬಗೆಯ ಸಂಗೀತದ್ದೇ ಎಂದು ಕೇಳಿ ನೋಡಬೇಕು. ಹತ್ತೂ ಹಾಡು ಒಪ್ಪಿಸುವ ಮೊದಲು ಒಂದು ಹಾಡು ಕೊಟ್ಟು ಪರೀಕ್ಷಿಸಬೇಕು. ಟ್ರ್ಯಾಕ್‌ಗಳೆಲ್ಲ ಒಂದೇ ಬಿಂದುವಿನಿಂದ ಆರಂಭವಾಗಿ, ಯಾವುದು ಯಾವ ವಾದ್ಯ ಎಂಬ ಹೆಸರಿನೊಂದಿಗೆ ಇರಬೇಕು. ಮುದ್ರಿಸುವಾಗಲೇ ಒಡೆದ ಧ್ವನಿಯನ್ನು ಯಾವ ಪರಿಣತನೂ ಪೂರ್ತಿ ಕೂಡಿಸಲಾರ. ತಾಳ ತಪ್ಪಿದ ಡ್ರಮ್ಸ್, ಶ್ರುತಿ ಸೇರದ ಗಿಟಾರುಗಳ ಮದ್ದು ಮಿಕ್ಸಿಂಗ್‌ನಲ್ಲಿಲ್ಲ, ಅಭ್ಯಾಸದಲ್ಲಿದೆ. ತಾವೇ ಮಾಡಿಕೊಂಡ ಕಚ್ಚಾ ಮಿಕ್ಸ್ ಒಂದನ್ನು ಜೊತೆಗಿಟ್ಟರೆ ತಂಡದ ಮನಸ್ಸಿನಲ್ಲೇನಿದೆ ಎಂಬುದು ಹೊರಗಿನವನಿಗೆ ತಿಳಿಯುತ್ತದೆ. ತಿದ್ದುಪಡಿಯ ಸಲಹೆಗಳನ್ನು ತಂಡದ ಐವರೂ ಐದು ಬಗೆಯಲ್ಲಿ ಹೇಳದೆ, ಮೊದಲೇ ಮಾತಾಡಿಕೊಂಡು ಒಬ್ಬರ ಬಾಯಲ್ಲಿ ಹೇಳಿಸಬೇಕು.

ಹಣ ಎಷ್ಟು, ಎಷ್ಟು ಸಲ ತಿದ್ದಿಕೊಡುತ್ತಾರೆ, ಮೂಲ ಟ್ರ್ಯಾಕ್‌ಗಳು ಯಾರ ಬಳಿ ಉಳಿಯುತ್ತವೆ, ಹೆಸರು ಎಲ್ಲಿ ಬರುತ್ತದೆ ಎಂಬುದೆಲ್ಲ ಬರಹದಲ್ಲಿದ್ದರೆ ಸ್ನೇಹವೂ ಉಳಿಯುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಕರ್ತೃ ಅದರ ನಿರ್ಮಾಪಕ. ಅಂದರೆ ಅದನ್ನು ಮಾಡಿಸುವ ಮೊದಲ ಹೆಜ್ಜೆ ಇಟ್ಟು ಹೊಣೆ ಹೊತ್ತವನು. ಸ್ವಂತ ದುಡ್ಡು ಹಾಕಿ ಆಲ್ಬಂ ಮಾಡಿಸುವ ತಂಡ ತಾನೇ ನಿರ್ಮಾಪಕನೆಂಬುದನ್ನು ಮರೆಯಬಾರದು. ತನ್ನ ಸ್ಥಾನ ತಿಳಿದವನಿಗೆ ಎಂಜಿನಿಯರ್ ಮುಂದೆ 'ಇದು ಬೇಡ' ಎನ್ನುವ ಧೈರ್ಯವೂ ಬರುತ್ತದೆ, 'ಇದು ನಮಗೆ ಹೊಳೆದಿರಲಿಲ್ಲ' ಎಂದು ಒಪ್ಪಿಕೊಳ್ಳುವ ವಿನಯವೂ ಬರುತ್ತದೆ.

ಇಷ್ಟೆಲ್ಲ ಆದ ಮೇಲೂ ಹಲವು ಹವ್ಯಾಸಿ ಆಲ್ಬಂಗಳನ್ನು ಕೇಳುವವರು ನೂರಿನ್ನೂರು ಜನ ಇರಬಹುದು. ಅಷ್ಟಕ್ಕೆ ಇಷ್ಟು ಖರ್ಚೇಕೆ ಎಂದು ಮನೆಯವರು ಕೇಳಿದರೆ ಅದು ತಪ್ಪಲ್ಲ. ಖರ್ಚು ಮಾಡಲೇಬೇಕೆಂಬ ಕಟ್ಟುಪಾಡೂ ಇಲ್ಲ. ತಾವೇ ಹದ ಮಾಡಿಕೊಂಡು ತೃಪ್ತಿಪಟ್ಟವರೂ ಇದ್ದಾರೆ. ಆದರೆ ವರ್ಷಗಟ್ಟಲೆ ಭಾನುವಾರಗಳನ್ನು ಕೊಟ್ಟು ಕಟ್ಟಿದ ಹಾಡಿನ ಪದಗಳು ಅಪರಿಚಿತನೊಬ್ಬನ ಕಿವಿಗೆ ಮೊದಲ ಸಲಕ್ಕೇ ಸ್ಪಷ್ಟವಾಗಿ ತಲುಪಬೇಕೆಂಬ ಆಸೆ ಇದ್ದರೆ, ಬಿಡುಗಡೆಗೆ ಮುಂಚೆ ಒಬ್ಬ ಅಪರಿಚಿತನಿಂದ ಅದನ್ನು ಕೇಳಿಸಿಕೊಳ್ಳುವುದೇ ನೇರ ದಾರಿ. ಅವನ ಕಿವಿಗೆ ದುಡ್ಡು ಕೊಡಬಹುದು. ಯಾವ ಹದ ಸರಿ ಎಂಬ ತೀರ್ಮಾನವನ್ನು ಮಾತ್ರ ತಂಡ ತನ್ನ ಬಳಿಯೇ ಇಟ್ಟುಕೊಳ್ಳಬೇಕು.